ಕಂಪ್ಯೂಟರ್ ಪದೇ ಪದೇ ಆಫ್ ಆಗುತ್ತಿದೆ, ಡಿ ಡ್ರೈವ್‌ನ ಫೈಲುಗಳು ಸಿಗುತ್ತವೆಯೇ?

ಪ್ರಶ್ನೆ: ಸಾಗರದಲ್ಲಿ ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುತ್ತೇನೆ. 2017ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್. 1 ಟಿಬಿ ಹಾರ್ಡ್ ಡಿಸ್ಕ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಈ ಮಳೆಗಾಲ ಶುರುವಾದಾಗಿನಿಂದ ಎರಡು ತರಹದ ತೊಂದರೆ. ಒಮ್ಮೊಮ್ಮೆ ಕೆಲಸದ ನಡುವೆ ಫಟ್ ಅಂತ ಆಫ್ ಆಗುತ್ತದೆ. ಒಮ್ಮೊಮ್ಮೆ ನೀಲಿ ಪರದೆ ಬಂದು ‘ಕರ್ನಲ್ ಡೇಟಾ ಇನ್‌ಪೇಜ್ ಎರರ್’ ಎಂದು ತೋರಿಸಿ ರೀಸ್ಟಾರ್ಟ್ ಆಗುತ್ತದೆ. ಕಳೆದ ವಾರ ಆನ್ ಆಗಲು ಇಪ್ಪತ್ತು ನಿಮಿಷ ಬೇಕಾಯಿತು. ಮಾರನೆಯ ದಿನ ‘ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್ ಡಿ’ ಎಂದು ಬಂದು ಶೇ. 11ರಲ್ಲಿ ರಾತ್ರಿಯಿಡೀ ನಿಂತಿತ್ತು. ಬೆಳಿಗ್ಗೆ ಆಫ್ ಮಾಡಿದೆ. ಈಗ ವಿಂಡೋಸ್ ತೆರೆಯುವುದೇ ಇಲ್ಲ. ಡಿ ಡ್ರೈವ್‌ನಲ್ಲಿ ಇಷ್ಟು ವರ್ಷದ ಗಿರಾಕಿಗಳ ಕೆಲಸ ಇದೆ. ಅದಕ್ಕಿಂತ ಮುಖ್ಯ, ತೀರಿಹೋದ ನನ್ನ ತಂದೆ ಬರೆದ ಹನ್ನೊಂದು ಯಕ್ಷಗಾನ ಪ್ರಸಂಗಗಳನ್ನು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದೆ. ಅವರ ಕೈಬರಹದ ಪುಸ್ತಕಗಳಲ್ಲಿ ಅರ್ಧಕ್ಕೆ ಗೆದ್ದಲು ಹಿಡಿದಿದೆ. ನಮ್ಮೂರ ಮೆಕ್ಯಾನಿಕ್ ‘ಸಿ ಮಾತ್ರ ಫಾರ್ಮ್ಯಾಟ್ ಮಾಡೋಣ, ಡಿ ಹಾಗೇ ಇರುತ್ತೆ’ ಅನ್ನುತ್ತಾರೆ. ಭಾವ ‘ಡಿಸ್ಕನ್ನು ಫ್ರಿಜ್‌ನಲ್ಲಿಡು’ ಅನ್ನುತ್ತಾನೆ. ಏನು ಮಾಡಲಿ? ನಾನೇ ಮಾಡಬಹುದೇ?

ಉತ್ತರ: ಮೊದಲು ಒಂದು ಕೆಲಸ. ಆ ಕಂಪ್ಯೂಟರ್ ಈಗಲೂ ಆನ್ ಇದ್ದರೆ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ‘ಇನ್ನೊಂದು ಸಲ ಆನ್ ಮಾಡಿ ನೋಡೋಣ, ಈ ಸಲ ಬಂದರೂ ಬರಬಹುದು’ ಎಂಬ ಆಸೆ ನಿಮಗೂ ಇರುತ್ತದೆ. ನನ್ನ ಬಳಿ ಬರುವ ಹತ್ತು ಡಿಸ್ಕಿನಲ್ಲಿ ಏಳೆಂಟು ಆ ಇನ್ನೊಂದು ಸಲದಲ್ಲೇ ಜಾಸ್ತಿ ಕೆಟ್ಟವು.

ನಿಮ್ಮ ಪತ್ರದಲ್ಲಿ ಎರಡು ಕಾಯಿಲೆ ಕಲಸಿಹೋಗಿವೆ. ಒಂದು, ಯಂತ್ರ ಕೆಟ್ಟಿದೆ. ಇನ್ನೊಂದು, ಫೈಲುಗಳು ಅಪಾಯದಲ್ಲಿವೆ. ಮೆಕ್ಯಾನಿಕ್ ಮೊದಲನೆಯದಕ್ಕೆ ಔಷಧ ಹೇಳುತ್ತಿದ್ದಾರೆ, ನಿಮಗೆ ಚಿಂತೆ ಎರಡನೆಯದ್ದು. ಈ ಎರಡಕ್ಕೂ ಔಷಧ ಬೇರೆ ಬೇರೆ. ಅಷ್ಟೇ ಅಲ್ಲ, ಒಂದರ ಔಷಧ ಇನ್ನೊಂದಕ್ಕೆ ವಿಷ. ಹಾಗಾಗಿ ಫೈಲು ಕೈಗೆ ಸಿಗುವ ತನಕ ಕಂಪ್ಯೂಟರ್ ರಿಪೇರಿಯ ಮಾತೇ ಬೇಡ. ಅದು ಹೇಗೂ ಹಳೆಯದು. ಹೊಸದು ಅಂಗಡಿಯಲ್ಲಿ ಸಿಗುತ್ತದೆ, ನಿಮ್ಮ ತಂದೆಯವರ ಪ್ರಸಂಗ ಸಿಗುವುದಿಲ್ಲ.

ಆ ನೀಲಿ ಪರದೆಯ ಹೆಸರು ಬರೆದುಕೊಂಡಿದ್ದು ಒಳ್ಳೆಯದಾಯಿತು. ವಿಂಡೋಸ್ ತನಗೆ ಬೇಕಾದ್ದನ್ನೆಲ್ಲ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಸದ್ಯಕ್ಕೆ ಬೇಡವಾದದ್ದನ್ನು ಡಿಸ್ಕಿನ ಒಂದು ಮೂಲೆಗೆ ಹಾಕಿ, ಬೇಕಾದಾಗ ತರಿಸಿಕೊಳ್ಳುತ್ತದೆ. ತರಲು ಹೋದಾಗ ಡಿಸ್ಕ್ ಕೊಡಲಿಲ್ಲ ಅಂದರೆ ಇನ್‌ಪೇಜ್ ಎರರ್. ಇದಕ್ಕೆ ಕಾರಣ ಸಾಮಾನ್ಯವಾಗಿ ಡಿಸ್ಕ್, ಇಲ್ಲವೇ ಅದರ ಕೇಬಲ್. ಒಮ್ಮೊಮ್ಮೆ ರ‍್ಯಾಮ್ ಕೂಡ ಇರುತ್ತದೆ. ಆದರೆ ಆನ್ ಆಗಲು ಇಪ್ಪತ್ತು ನಿಮಿಷ, ಸ್ಕ್ಯಾನ್ ಶೇ. 11ರಲ್ಲಿ ನಿಂತದ್ದು, ಇವೆರಡೂ ಸೇರಿದರೆ ನನ್ನ ಬೆರಳು ಡಿಸ್ಕಿನ ಕಡೆಗೇ. ಓದಲಾಗದ ಜಾಗ ಸಿಕ್ಕಾಗ ಡಿಸ್ಕ್ ಅಲ್ಲೇ ನಿಂತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಿಮಗೆ ಅದು ನಿಧಾನ ಅನಿಸುತ್ತದೆ, ಅಷ್ಟೇ.

ಫಟ್ ಅಂತ ಆಫ್ ಆಗುವುದು ಬೇರೆ ಕಥೆ. ಡಿಸ್ಕ್ ಕೆಟ್ಟರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ನೀಲಿಯಾಗುತ್ತದೆ. ದೀಪ ಆರಿದ ಹಾಗೆ ಆರುವುದು ಸಾಮಾನ್ಯವಾಗಿ ಕರೆಂಟಿಗೆ ಇಲ್ಲವೇ ಬಿಸಿಗೆ ಸಂಬಂಧಿಸಿದ್ದು: ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್, ಯುಪಿಎಸ್ ಬ್ಯಾಟರಿ, ಅಥವಾ ಪ್ರೊಸೆಸರ್ ಬಿಸಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಈ ಕರೆಂಟಿನ ಕಾಯಿಲೆಯೇ ಡಿಸ್ಕಿನ ಕಾಯಿಲೆಯನ್ನು ತಂದಿರಬಹುದು. ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲು ಆ ಸಂದಿಗಿಂತ ಸಾವಿರಾರು ಪಟ್ಟು ದಪ್ಪ. ಕರೆಂಟು ಹೋದ ಕ್ಷಣ, ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಚೂರು ವಿದ್ಯುತ್ ತಯಾರಾಗಿ ಹೆಡ್ ತನ್ನ ಜಾಗಕ್ಕೆ ಮರಳುತ್ತದೆ. ಜಾಣ ವ್ಯವಸ್ಥೆ. ಆದರೆ ಅದು ತುರ್ತು ಬ್ರೇಕ್ ಹಾಕಿದ ಹಾಗೆ. ದಿನಕ್ಕೆ ನಾಲ್ಕು ಸಲ, ತಿಂಗಳುಗಟ್ಟಲೆ ಹಾಗೇ ಬ್ರೇಕ್ ಹಾಕುವ ಬಸ್ಸಿನ ಗತಿ ಏನಾಗುತ್ತದೆ?

ಈಗ ಮೆಕ್ಯಾನಿಕ್ ಮಾತಿಗೆ ಬರೋಣ. ‘ಸಿ ಫಾರ್ಮ್ಯಾಟ್ ಮಾಡಿದರೆ ಡಿ ಹಾಗೇ ಇರುತ್ತದೆ’ ಎಂಬುದು ಸುಳ್ಳಲ್ಲ. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಅದು ಪೂರ್ತಿ ನಿಜ. ಆದರೆ ಸಿ ಮತ್ತು ಡಿ ಎರಡು ಡಿಸ್ಕಲ್ಲ. ಒಂದೇ ಮನೆಯ ಎರಡು ಕೋಣೆ, ನಡುವೆ ಗೋಡೆ. ಪಂಚಾಂಗವೇ ಕುಸಿಯುತ್ತಿರುವಾಗ ಮುಂದಿನ ಕೋಣೆಗೆ ಹೊಸ ಟೈಲ್ಸ್ ಹಾಕಿದರೆ ಹಿಂದಿನ ಕೋಣೆ ಉಳಿಯುತ್ತದೆಯೇ? ಹೊಸ ವಿಂಡೋಸ್ ಹಾಕುವುದೆಂದರೆ ಸಾಯುತ್ತಿರುವ ಡಿಸ್ಕಿನ ಮೇಲೆ ಇಪ್ಪತ್ತು ಜಿಬಿಗೂ ಜಾಸ್ತಿ ಬರೆಯುವುದು, ಗಂಟೆಗಟ್ಟಲೆ ದುಡಿಸುವುದು. ಇನ್ನೊಂದು ಭಯವೂ ಇದೆ. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ ಪಟ್ಟಿ, ಅಂದರೆ ಈ ಕೋಣೆಗಳ ಪಟ್ಟಿ, ಬರುತ್ತದಲ್ವಾ, ಅಲ್ಲಿ ಅವಸರದಲ್ಲಿ ಎಲ್ಲವನ್ನೂ ಡಿಲೀಟ್ ಮಾಡಿಬಿಟ್ಟವರನ್ನು ಬಹಳ ನೋಡಿದ್ದೇನೆ.

ಫ್ರಿಜ್ ವಿಚಾರ. ಇದು ಪೂರ್ತಿ ಕಟ್ಟುಕಥೆ ಅಲ್ಲ. ತುಂಬಾ ಹಳೆಯ ಡಿಸ್ಕುಗಳಲ್ಲಿ ಹೆಡ್ ತಟ್ಟೆಗೆ ಅಂಟಿಕೊಳ್ಳುತ್ತಿತ್ತು. ತಣ್ಣಗಾಗಿ ಲೋಹ ಕುಗ್ಗಿದಾಗ ಒಮ್ಮೊಮ್ಮೆ ಬಿಡಿಸಿಕೊಳ್ಳುತ್ತಿತ್ತು. ಆ ಕಾಲದ ಮಾತು ಇನ್ನೂ ಓಡಾಡುತ್ತಿದೆ. ಇವತ್ತಿನ ಸಾಮಾನ್ಯ ಡಿಸ್ಕಿಗೆ ಗಾಳಿಯಾಡುವ ಸಣ್ಣ ತೂತು ಇರುತ್ತದೆ, ‘ಇದನ್ನು ಮುಚ್ಚಬೇಡಿ’ ಅಂತ ಪಕ್ಕದಲ್ಲೇ ಬರೆದಿರುತ್ತದೆ. ಆಷಾಢದ ಸಾಗರದಲ್ಲಿ, ಉಪ್ಪು ಡಬ್ಬಿಯಲ್ಲೇ ನೀರಾಗುವ ಊರಲ್ಲಿ, ಫ್ರಿಜ್‌ನಿಂದ ಡಿಸ್ಕ್ ಹೊರಗೆ ತೆಗೆದರೆ ಏನಾಗುತ್ತದೆ? ತಣ್ಣೀರಿನ ಲೋಟದ ಹೊರಗೆ ಕೂರುವ ಹನಿಯೇ ತಟ್ಟೆಯ ಮೇಲೂ ಕೂರುತ್ತದೆ. ಭಾವನಿಗೆ ಚಹಾ ಕೊಟ್ಟು ಕಳಿಸಿ.

ಡಿಸ್ಕಿನ ಮುಚ್ಚಳ ಬಿಚ್ಚಿ ನೋಡುವುದೂ ಬೇಡ. ಹಸಿರು ಸರ್ಕ್ಯೂಟ್ ಬೋರ್ಡನ್ನು ಅದೇ ಮಾಡೆಲ್‌ನ ಬೇರೆ ಡಿಸ್ಕಿನಿಂದ ತೆಗೆದು ಹಾಕುವುದೂ ಬೇಡ. ಪ್ರತಿ ಡಿಸ್ಕಿಗೂ ಅದರದೇ ಹೊಂದಾಣಿಕೆಯ ಲೆಕ್ಕ ಬೋರ್ಡಿನ ಒಂದು ಚಿಪ್‌ನಲ್ಲಿ ಇರುತ್ತದೆ. ಅದನ್ನೂ ಕಿತ್ತು ಕೂರಿಸದಿದ್ದರೆ ಹೊಸ ಬೋರ್ಡ್ ಸುಮ್ನೆ ದಂಡ.

ಆದರೆ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಫ್ರಿಜ್ ಅಲ್ಲ, ಆ ‘ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್’. ರಿಪೇರಿ ಅಂತ ಹೆಸರಿದೆ, ಅದಕ್ಕೇ ಎಲ್ಲರೂ ನಂಬುತ್ತಾರೆ. ಅದರ ಹಿಂದಿರುವುದು ಚೆಕ್‌ಡಿಸ್ಕ್ ಎಂಬ ತಂತ್ರಾಂಶ. ಅದು ಯಾರ ಪರ ಅಂತ ಗೊತ್ತಿರಬೇಕು.

ಡಿಸ್ಕಿನಲ್ಲಿ ಫೈಲು ಒಂದು ಕಡೆ ಇರುತ್ತದೆ, ಅದರ ದಾಖಲೆ ಇನ್ನೊಂದು ಕಡೆ. ಜಮೀನು ಊರಲ್ಲಿ, ಪಹಣಿ ತಾಲೂಕು ಕಚೇರಿಯಲ್ಲಿ ಇದ್ದ ಹಾಗೆ. ಫೈಲ್ ಡಿಲೀಟ್ ಮಾಡಿದಾಗ ಪಹಣಿಯಿಂದ ಹೆಸರು ಹೋಗುತ್ತದೆ, ಜಮೀನು ಅಲ್ಲೇ ಇರುತ್ತದೆ. ಬೇರೆ ಯಾರೋ ಬಂದು ಉತ್ತು ಬಿತ್ತಿದ ಮೇಲಷ್ಟೇ ಹಳೆಯ ಬೆಳೆಯ ಗುರುತು ಅಳಿಯುವುದು. ಕಳೆದುಹೋದ ಫೈಲುಗಳನ್ನು ವಾಪಸ್ ತರುವ ನಮ್ಮ ಕಸುಬೆಲ್ಲ ನಿಂತಿರುವುದು ಇದರ ಮೇಲೆ. ಈಗ ಚೆಕ್‌ಡಿಸ್ಕ್ ಎಂದರೆ ಆ ಕಚೇರಿಯ ಗುಮಾಸ್ತ. ಅವನಿಗೆ ಲೆಕ್ಕದ ಪುಸ್ತಕ ತಾಳೆಯಾಗಬೇಕು, ಅಷ್ಟೇ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಹೆಸರು ಹೊಡೆದುಹಾಕುತ್ತಾನೆ. ವಾರಸುದಾರರಿಲ್ಲದ ತುಂಡುಗಳನ್ನು ‘ಫೌಂಡ್’ ಎಂಬ ಫೋಲ್ಡರಿನಲ್ಲಿ ಅಂಕಿ ಹಾಕಿ ಗುಡ್ಡೆ ಮಾಡುತ್ತಾನೆ. ಒಳ್ಳೆಯ ಡಿಸ್ಕಿನಲ್ಲಿ, ಕರೆಂಟು ಹೋಗಿ ಲೆಕ್ಕ ತಪ್ಪಿದ್ದಾಗ, ಇದು ಉಪಕಾರವೇ. ಕೆಟ್ಟ ಡಿಸ್ಕಿನಲ್ಲಿ ‘ಓದಲಾಗಲಿಲ್ಲ’ ಎಂಬುದನ್ನೇ ‘ಇಲ್ಲ’ ಎಂದು ತಿಳಿದು ಬರೆಯುತ್ತಾ ಹೋಗುತ್ತಾನೆ. ನೀವು ಶೇ. 11ರಲ್ಲಿ ಆಫ್ ಮಾಡಿದ್ದು ಸರಿಯೇ ತಪ್ಪೇ ಎಂದು ಕೊರಗಬೇಡಿ. ಕೆಲವು ಹೆಸರುಗಳು ಹೋಗಿರಬಹುದು. ಒಳಗಿನ ಬರಹ ಬಹುಪಾಲು ಇರುತ್ತದೆ.

ಹಾಗಾದರೆ ಮಾಡುವುದೇನು? ಕೇಸ್ ಬಿಚ್ಚಿ ಡಿಸ್ಕ್ ಹೊರಗೆ ತೆಗೆಯಿರಿ. ಅದರ ಮೇಲೆ ಬಿಳಿ ಟೇಪ್ ಅಂಟಿಸಿ ‘ಹಳೆಯದು, ಮುಟ್ಟಬೇಡಿ’ ಅಂತ ಬರೆಯಿರಿ. ಲೇಬಲ್ ಮೇಲಿನ ಸೀರಿಯಲ್ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇದು ಆಮೇಲೆ ಬೇಕಾಗುತ್ತದೆ.

ಮುಂದಿನ ಕೆಲಸ ನಿಮ್ಮ ಈ ಕಂಪ್ಯೂಟರಿನಲ್ಲಿ ಬೇಡವೇ ಬೇಡ. ನಡುವೆ ಫಟ್ ಅಂತ ಆಫ್ ಆಗುವ ಯಂತ್ರದಲ್ಲಿ ಡಿಸ್ಕ್ ಉಳಿಸುವ ಕೆಲಸ ಮಾಡುವುದು, ಕರೆಂಟು ಹೋಗುವ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದ ಹಾಗೆ. ಗೆಳೆಯರ ಒಳ್ಳೆಯ ಡೆಸ್ಕ್‌ಟಾಪ್ ಎರಡು ದಿನಕ್ಕೆ ಕೇಳಿ, ಗಟ್ಟಿ ಯುಪಿಎಸ್ ಇರುವಂಥದ್ದು. ಡಿಸ್ಕನ್ನು ಒಳಗಿನ ಸಾಟಾ ಕೇಬಲಿಗೇ ಸಿಕ್ಕಿಸಿ. ಯುಎಸ್‌ಬಿ ಡಬ್ಬಿಯಲ್ಲಿ ಹಾಕಿದರೆ ಕೆಟ್ಟ ಜಾಗ ಬಂದಾಗಲೆಲ್ಲ ಸಂಪರ್ಕ ಕಡಿಯುತ್ತದೆ. ಆ ಯಂತ್ರವನ್ನು ವಿಂಡೋಸಿನಲ್ಲಿ ತೆರೆಯಬೇಡಿ. ವಿಂಡೋಸಿಗೆ ಕೈ ಸುಮ್ಮನಿರುವುದಿಲ್ಲ. ಡಿಸ್ಕ್ ಕಂಡ ಕೂಡಲೇ ಸರಿ ಮಾಡಲು ಹೋಗುತ್ತದೆ, ಇಲ್ಲವೇ ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳುತ್ತದೆ. ಎಷ್ಟೋ ಜನ ಆ ಪ್ರಶ್ನೆಗೆ ಹೌದು ಅಂದಿದ್ದಾರೆ. ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್ ಬಳಸಿ, ಅದು ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಇನ್ನೊಂದು ತಂತ್ರಾಂಶ. ಸಿಸ್ಟಮ್‌ರೆಸ್ಕ್ಯೂ ಅಂತ ಉಚಿತವಾದದ್ದೊಂದು ಇದೆ, ನಾನು ಹೇಳುವ ಎಲ್ಲ ಸಲಕರಣೆ ಅದರಲ್ಲೇ ಇವೆ.

ಆನ್ ಮಾಡಿದಾಗ ಕಿವಿ ಡಿಸ್ಕಿನ ಹತ್ತಿರ ಇರಲಿ. ಒಳ್ಳೆಯ ಡಿಸ್ಕ್ ಗುಂಯ್ ಅಂತ ಏರಿ, ಒಂದೆರಡು ಸಲ ಕಟಕಟ ಅಂದು ನೆಲೆ ನಿಲ್ಲುತ್ತದೆ. ಟಿಕ್... ಟಿಕ್... ಟಿಕ್ ಅಂತ ಗಡಿಯಾರದ ಹಾಗೆ ಒಂದೇ ಸಮನೆ ಬಡಿದುಕೊಂಡರೆ, ಅಥವಾ ಗರಗಸ ಎಳೆದ ಸದ್ದು ಬಂದರೆ, ಹತ್ತು ಸೆಕೆಂಡೂ ಕಾಯದೆ ಆಫ್ ಮಾಡಿ. ಅದು ಹೆಡ್ ಕೆಟ್ಟ ಸದ್ದು. ಅಲ್ಲಿಂದ ಮುಂದೆ ನಿಮ್ಮ ಕೆಲಸವೂ ಅಲ್ಲ, ಊರ ಮೆಕ್ಯಾನಿಕ್ ಕೆಲಸವೂ ಅಲ್ಲ. ಕ್ಲೀನ್ ರೂಮ್, ಅಂದರೆ ಧೂಳಿಲ್ಲದ ಕೋಣೆ, ಇರುವ ಕಡೆಗೇ ಹೋಗಬೇಕು, ಖರ್ಚು ಹತ್ತಾರು ಸಾವಿರದ ಲೆಕ್ಕದಲ್ಲಿ ಬರುತ್ತದೆ.

ಸದ್ದು ಸಹಜವಾಗಿದ್ದರೆ ಡಿಸ್ಕಿನದೇ ಆರೋಗ್ಯ ಪಟ್ಟಿ ಓದಿ. ಪ್ರತಿ ಡಿಸ್ಕೂ ಸ್ಮಾರ್ಟ್ ಎಂಬ ಡೈರಿ ಬರೆದಿಟ್ಟಿರುತ್ತದೆ. ಲಿನಕ್ಸಿನಲ್ಲಿ ಸ್ಮಾರ್ಟ್‌ಸಿಟಿಎಲ್, ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅದನ್ನು ತೋರಿಸುತ್ತವೆ. ಈ ಡಿಸ್ಕಿಗೆ ಲಿನಕ್ಸಿನದೇ ಇರಲಿ. ಇಪ್ಪತ್ತು ಮೂವತ್ತು ಸಾಲು ಇರುತ್ತವೆ, ನಿಮಗೆ ಬೇಕಾದ್ದು ನಾಲ್ಕು: 5, 197, 198, 199. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಇವನ್ನೇ 05, ಸಿ5, ಸಿ6, ಸಿ7 ಅಂತ ಬರೆದಿರುತ್ತದೆ. ಒಂದು ಎಚ್ಚರ. ಅದು ಮೊದಲಿಗೆ ಅಂಕಿಗಳನ್ನೂ ಹದಿನಾರರ ಲೆಕ್ಕದಲ್ಲೇ ತೋರಿಸುತ್ತದೆ, ಅಲ್ಲಿ 10 ಅಂದರೆ ನಮ್ಮ 16. 5 ಎಂಬುದು ಕೆಟ್ಟ ಜಾಗ ಬಿಟ್ಟು ಬದಲಿ ಜಾಗ ಕೊಟ್ಟ ಲೆಕ್ಕ. 197 ಎಂದರೆ ಓದಲಾಗದೆ, ತೀರ್ಮಾನವೂ ಆಗದೆ ಬಾಕಿ ಬಿದ್ದಿರುವ ಜಾಗ. ನಾನು ಮೊದಲು ನೋಡುವುದು ಇದನ್ನೇ. ಅಲ್ಲಿ ಸೊನ್ನೆ ಇಲ್ಲ ಅಂದರೆ ಈ ಕ್ಷಣ ನಿಮ್ಮ ಯಾವುದೋ ಫೈಲಿನ ತುಂಡು ಸಿಕ್ಕಿಕೊಂಡಿರಬಹುದು. 198ನ್ನು 197ರ ತಮ್ಮ ಅಂದುಕೊಳ್ಳಿ.

199 ಮಾತ್ರ ಖುಷಿಯ ಅಂಕಿ. ಡಿಸ್ಕಿನಿಂದ ಬೋರ್ಡಿಗೆ ಹೋಗುವ ದಾರಿಯಲ್ಲಿ ಕೆಟ್ಟದ್ದರ ಲೆಕ್ಕ ಅದು. ಒಮ್ಮೆ ಒಬ್ಬರು ಶಾಲೆಯ ಲೆಕ್ಕಪತ್ರವಿದ್ದ ಡಿಸ್ಕ್ ತಂದಿದ್ದರು. ಎರಡು ಕಡೆ ಡಿಸ್ಕ್ ಸತ್ತಿದೆ ಅಂದಿದ್ದರಂತೆ. 5, 197, 198 ಮೂರೂ ಸೊನ್ನೆ, 199 ಮಾತ್ರ ಸಾವಿರ ದಾಟಿತ್ತು. ಸಾಟಾ ಕೇಬಲ್ ಬದಲಿಸಿದೆ. ಎಸ್‌ಪಿ ರೋಡಿನಲ್ಲಿ, ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆಯಲ್ಲಿ, ಒಂದು ಮಸಾಲೆ ದೋಸೆಯ ಬೆಲೆಗೆ ಸಿಗುವ ಕೇಬಲ್. ಡಿಸ್ಕ್ ಎದ್ದು ಕೂತಿತು. ಹಳೆಯ ಅಂಕಿ ಇಳಿಯುವುದಿಲ್ಲ, ಆದರೆ ಏರುವುದು ನಿಂತರೆ ಸಾಕು. ನಿಮ್ಮದೂ ಹಾಗೇ ಇರಲಿ ಅಂತ ನನ್ನ ಆಸೆ, ಆದರೆ ಲಕ್ಷಣ ನೋಡಿದರೆ ಅನುಮಾನ.

197ರಲ್ಲಿ ಅಂಕಿ ಇದೆ, ಸದ್ದಿಲ್ಲ, ಡಿಸ್ಕ್ ಕಾಣುತ್ತಿದೆ ಎಂದಿಟ್ಟುಕೊಳ್ಳಿ. ನನ್ನ ಸಹೋದ್ಯೋಗಿಗಳಲ್ಲಿ ಜಾಸ್ತಿ ಜನ ‘ಮೊದಲು ಇಡೀ ಡಿಸ್ಕಿನ ಕ್ಲೋನ್, ಅಂದರೆ ತದ್ರೂಪಿ ನಕಲು, ಆಮೇಲೆ ಉಳಿದದ್ದು’ ಅನ್ನುತ್ತಾರೆ. ಶಾಸ್ತ್ರ ಅದೇ. ನಾನು ನಿಮ್ಮಂಥ ಪ್ರಕರಣದಲ್ಲಿ ಸ್ವಲ್ಪ ಶಾಸ್ತ್ರ ಮುರಿಯುತ್ತೇನೆ. ಹನ್ನೊಂದು ಪ್ರಸಂಗ ಅಂದರೆ ಹೆಚ್ಚೆಂದರೆ ಕೆಲವು ಎಂಬಿ. ಡಿ ಡ್ರೈವನ್ನು ಓದಲು ಮಾತ್ರ ಎಂಬ ಷರತ್ತಿನಲ್ಲಿ ತೆರೆದು, ಆ ಒಂದು ಫೋಲ್ಡರನ್ನು ಪೆನ್‌ಡ್ರೈವ್‌ಗೆ ಎಳೆದುಬಿಡಿ. ಒಂದೆರಡು ನಿಮಿಷದ ಕೆಲಸ. ಬೇರೆ ಫೋಲ್ಡರ್ ತೆರೆಯಬೇಡಿ, ಫೋಟೊಗಳ ಚಿಕ್ಕ ಚಿತ್ರ ನೋಡುತ್ತಾ ಕೂರಬೇಡಿ. ಐದು ನಿಮಿಷದಲ್ಲಿ ತೆರೆಯಲಿಲ್ಲ ಅಂದರೆ ಹಟ ಬಿಟ್ಟು ಕ್ಲೋನ್‌ಗೆ ಹೋಗಿ.

ಕ್ಲೋನ್‌ಗೆ ಹೊಸ ಡಿಸ್ಕ್ ಬೇಕು, 1 ಟಿಬಿಗಿಂತ ದೊಡ್ಡದು, 2 ಟಿಬಿ ಇದ್ದರೆ ನಿರಾಳ. ಸಲಕರಣೆಯ ಹೆಸರು ಡಿಡಿರೆಸ್ಕ್ಯೂ. ಉಚಿತ. ಇದು ಮಾಮೂಲಿ ಕಾಪಿಯ ಹಾಗೆ ಕೆಟ್ಟ ಜಾಗದಲ್ಲಿ ಹಟ ಹಿಡಿದು ಕೂರುವುದಿಲ್ಲ. ಅಡಿಕೆ ಕೊಯ್ಯುವವರು ಮೊದಲು ಸಲೀಸಾಗಿ ಸಿಗುವ ಗೊನೆ ಇಳಿಸುತ್ತಾರಲ್ವಾ, ಹಾಗೆ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕಷ್ಟದ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ. ಆಮೇಲೆ ಹಿಂದೆ ಬಂದು ಬಿಟ್ಟುಹೋದ ಜಾಗಗಳ ಅಂಚು ಕೆರೆಯುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಆ ಫೈಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಡಿ. ನಡುವೆ ನಿಲ್ಲಿಸಿದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಒಳ್ಳೆಯ ಡಿಸ್ಕ್ ಆದರೆ 1 ಟಿಬಿಗೆ ಮೂರು ಗಂಟೆ ಸಾಕು. ಕೆಟ್ಟದ್ದು ಒಂದು ದಿನವೂ ತಿನ್ನಬಹುದು, ನಾಲ್ಕು ದಿನವೂ ತಿನ್ನಬಹುದು. ವೇಗ ಕುಸಿಯಿತು ಅಂತ ಗಾಬರಿ ಬೇಡ. ಡಿಸ್ಕ್ ಕೈಸುಡುವಷ್ಟು ಬಿಸಿಯಾದರೆ ನಿಲ್ಲಿಸಿ, ಆರಲು ಬಿಡಿ, ಫ್ಯಾನ್ ಇಟ್ಟು ಮತ್ತೆ ಶುರು ಮಾಡಿ.

ಇದರಲ್ಲಿ ಒಂದೇ ಒಂದು ಭಯಂಕರ ಅಪಾಯ ಇದೆ. ಆಜ್ಞೆಯಲ್ಲಿ ಮೊದಲು ಬರೆಯುವುದು ಹಳೆಯ ಡಿಸ್ಕ್, ನಂತರದ್ದು ಹೊಸದು, ಮೂರನೆಯದು ಮ್ಯಾಪ್ ಫೈಲ್. ಮೊದಲೆರಡು ಅದಲುಬದಲಾದರೆ ಹೊಸ ಖಾಲಿ ಡಿಸ್ಕಿನ ಸೊನ್ನೆಗಳು ಹಳೆಯದರ ಮೇಲೆ ಸುರಿಯುತ್ತವೆ. ನಾನು ಈ ಕೆಲಸಕ್ಕೆ ಬಂದ ಎರಡನೇ ವರ್ಷ ಅದನ್ನೇ ಮಾಡಿದೆ. ರಾತ್ರಿ ಹನ್ನೊಂದು ಗಂಟೆ, ಮದುವೆ ಫೋಟೊಗ್ರಾಫರ್ ಒಬ್ಬರ ಡಿಸ್ಕ್. ನಲವತ್ತು ಸೆಕೆಂಡ್ ಆದ ಮೇಲೆ ‘ಇಷ್ಟು ಕೆಟ್ಟ ಡಿಸ್ಕ್ ಇಷ್ಟು ವೇಗವಾಗಿ ಹೇಗೆ ಓಡುತ್ತಿದೆ’ ಅಂತ ಅನಿಸಿತು. ಪ್ಲಗ್ ಕಿತ್ತೆ. ಡಿಸ್ಕಿನ ಶುರುವಿನ ನಾಲ್ಕು ಗಿಗಾಬೈಟ್ ಹೋಗಿತ್ತು. ಫೋಟೊ ಹೆಚ್ಚುಕಡಿಮೆ ಎಲ್ಲ ಸಿಕ್ಕಿದವು, ಫೋಲ್ಡರ್ ಹೆಸರುಗಳು ಒಂದೂ ಸಿಗಲಿಲ್ಲ. ಯಾರ ಮದುವೆ ಯಾರದ್ದು ಅಂತ ಅವರು ಒಂದು ವಾರ ಕೂತು ವಿಂಗಡಿಸಿದರು. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಸೀರಿಯಲ್ ನಂಬರ್ ಚೀಟಿ ನೋಡಿ, ಗಟ್ಟಿಯಾಗಿ ಓದಿ, ಆಮೇಲೆ ಎಂಟರ್ ಒತ್ತುತ್ತೇನೆ. ನೀವೂ ಹಾಗೇ ಮಾಡಿ. ಇದು ಕೈ ನಡುಗಿಸುತ್ತದೆ ಅನಿಸಿದರೆ ಗೊತ್ತಿದ್ದವರಿಂದ ಮಾಡಿಸಿ, ಅದರಲ್ಲಿ ನಾಚಿಕೆ ಇಲ್ಲ.

ಕ್ಲೋನ್ ಮುಗಿಯಿತೇ? ಹಳೆಯ ಡಿಸ್ಕನ್ನು ಡಬ್ಬಿಯಲ್ಲಿಟ್ಟು ಮೇಲೆ ಎತ್ತಿಡಿ. ಇನ್ನು ಪ್ರಯೋಗವೆಲ್ಲ ನಕಲಿನ ಮೇಲೆ. ಡಿ ಡ್ರೈವ್ ನೇರವಾಗಿ ತೆರೆದುಕೊಂಡರೆ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ, ಅಲ್ಲಿಗೆ ಮುಗಿಯಿತು. ಪಾರ್ಟಿಷನ್ನೇ ಕಾಣದಿದ್ದರೆ ಟೆಸ್ಟ್‌ಡಿಸ್ಕ್ ಹುಡುಕಿಕೊಡುತ್ತದೆ. ಅದೂ ಆಗದಿದ್ದರೆ ಕೊನೆಯ ಉಪಾಯ ಫೋಟೊರೆಕ್. ಹೆಸರು ಫೋಟೊ ಅಂತ ಇದ್ದರೂ ವರ್ಡ್ ಫೈಲ್, ಪಿಡಿಎಫ್ ಎಲ್ಲ ಹೆಕ್ಕುತ್ತದೆ. ಇದು ಪಹಣಿ ನೋಡುವುದೇ ಇಲ್ಲ. ನೆಲ ನೋಡಿ ‘ಇದು ಗದ್ದೆ, ಇದು ತೋಟ’ ಅಂತ ಗುರುತಿಸುತ್ತದೆ. ಹಾಗಾಗಿ ಹೆಸರು, ಫೋಲ್ಡರ್ ಏನೂ ಸಿಗುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದ ಅಂಕಿ ಇರುವ ಸಾವಿರಾರು ಫೈಲು ಬಂದು ಬೀಳುತ್ತವೆ.

ಇಲ್ಲಿ ಕನ್ನಡದವರು ಮಾತ್ರ ಬೀಳುವ ಒಂದು ಹೊಂಡ ಇದೆ. ವಾಪಸ್ ಬಂದ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಅದರ ಮೇಲೆ ಸೊಟ್ಟ ಗೆರೆ, ಚುಕ್ಕೆ, ನಡುವೆ ಪೌಂಡ್ ಗುರುತು. ‘ಅಯ್ಯೋ, ಕರಪ್ಟ್ ಆಗಿದೆ’ ಅಂತ ಡಿಲೀಟ್ ಮಾಡಿದವರು ನನಗೆ ಗೊತ್ತು. ಅದು ಕೆಟ್ಟಿಲ್ಲ. ಅದು ನುಡಿ ಅಕ್ಷರ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಅದಕ್ಕೇ ಮುಖವಾಡ ಕಳಚಿದೆ. ವರ್ಡ್‌ನಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಫಾಂಟ್ ಹೆಸರು ನೋಡಿ. ‘ನುಡಿ 01 ಇ’ ಅಂತ ಇದ್ದರೆ ನಿಮ್ಮ ಬರಹ ಕ್ಷೇಮ. ನುಡಿ ಹಾಕಿಕೊಳ್ಳಿ, ಕನ್ನಡ ಕಾಣುತ್ತದೆ.

ಹತ್ತು ಸಾವಿರ ಲಗ್ನಪತ್ರಿಕೆ, ಬಿಲ್ಲು, ಅರ್ಜಿಗಳ ನಡುವೆ ಹನ್ನೊಂದು ಪ್ರಸಂಗ ಹುಡುಕುವುದು ಹೇಗೆ? ಯುನಿಕೋಡ್ ಕನ್ನಡದಲ್ಲಿ, ಅಂದರೆ ಈಗ ಮೊಬೈಲಿನಲ್ಲೂ ಬಳಸುವ ಕನ್ನಡದಲ್ಲಿ, ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ, ಏಕೆಂದರೆ ಒಳಗೆ ಇರುವುದು ಆ ಸೊಟ್ಟ ಇಂಗ್ಲಿಷ್. ನುಡಿಯನ್ನು ಹಳೆಯ ವಿಧಾನದಲ್ಲೇ ಇಟ್ಟು ಒಂದು ಪದ ಟೈಪ್ ಮಾಡಿ. ಅದನ್ನೇ ಕಾಪಿ ಮಾಡಿ ಹುಡುಕಾಟದಲ್ಲಿ ಅಂಟಿಸಿ. ಯಾವ ಪದ? ‘ಭಾಮಿನಿ’ ಅಥವಾ ‘ವಾರ್ಧಕ’. ಇವು ಛಂದಸ್ಸಿನ ಹೆಸರು, ಪ್ರಸಂಗದಲ್ಲಿ ಪದ್ಯದ ಮೇಲೆ ಬಂದೇ ಬರುತ್ತವೆ. ಯಾರ ಲಗ್ನಪತ್ರಿಕೆಯಲ್ಲೂ ವಾರ್ಧಕ ಇರುವುದಿಲ್ಲ. ಸಿಕ್ಕಿದ ಮೇಲೆ ಯುನಿಕೋಡ್‌ಗೆ ಪರಿವರ್ತಿಸಿ ಇಡಿ, ಆದರೆ ಮೂಲ ಫೈಲ್ ಬಿಸಾಡಬೇಡಿ. ಪರಿವರ್ತನೆಯಲ್ಲಿ ಅರ್ಕಾವತ್ತು ಒಮ್ಮೊಮ್ಮೆ ಎಡವುತ್ತದೆ, ಒಂದು ಸಲ ಓದಿ ತಿದ್ದಬೇಕು.

ಸ್ವಂತ ಕೈಯಿಂದ ಬೇಡ, ಹೊರಗೆ ಕೊಡುತ್ತೇನೆ ಅಂದರೆ ಮೂರು ಮಾತು ಮೊದಲೇ ಆಡಿ. ‘ಡಿಸ್ಕ್ ಬಿಚ್ಚುವ ಮೊದಲು ನನ್ನನ್ನು ಕೇಳಬೇಕು.’ ‘ಏನು ಸಿಗುತ್ತದೆ ಅಂತ ಪಟ್ಟಿ ತೋರಿಸಿದ ಮೇಲೆ ದುಡ್ಡಿನ ಮಾತು.’ ‘ಮೂಲ ಡಿಸ್ಕ್ ನನಗೇ ವಾಪಸ್.’ ಈ ಮೂರನೆಯದು ನಿಮಗೆ ವಿಶೇಷವಾಗಿ ಮುಖ್ಯ. ಜೆರಾಕ್ಸ್ ಅಂಗಡಿಯ ಡಿಸ್ಕ್ ಅಂದರೆ ಅರ್ಧ ಊರಿನ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಅದರಲ್ಲಿರುತ್ತದೆ. ಗುಜರಿಗೆ ಹೋಗಬಾರದು. ಕೆಲಸ ಮುಗಿದ ಗಿರಾಕಿಯ ಆಧಾರ್ ಪ್ರತಿಯನ್ನು ಅಷ್ಟು ವರ್ಷ ಇಟ್ಟುಕೊಳ್ಳುವ ಅಗತ್ಯವೂ ಇಲ್ಲ ಬಿಡಿ.

ನಿಮ್ಮ ಡಿಸ್ಕ್ ತಿರುಗುವ ತಟ್ಟೆಯದ್ದು, ಅದು ನಿಮ್ಮ ಅದೃಷ್ಟ. ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಬರೆದಿಡುವ ಎಸ್‌ಎಸ್‌ಡಿ ಆಗಿದ್ದರೆ ಕಥೆ ಬೇರೆ. ವಿಂಡೋಸ್ 7ರಿಂದ ಈಚೆಗೆ ಟ್ರಿಮ್ ಎಂಬ ವ್ಯವಸ್ಥೆ ಇದೆ. ಫೈಲ್ ಡಿಲೀಟ್ ಆದ ಕೂಡಲೇ ‘ಈ ಜಾಗ ಖಾಲಿ’ ಅಂತ ಎಸ್‌ಎಸ್‌ಡಿಗೆ ಹೇಳಿಬಿಡುತ್ತದೆ, ಅದು ತನ್ನ ಪಾಡಿಗೆ ಒರೆಸಿಬಿಡುತ್ತದೆ. ಅಲ್ಲಿ ಫೋಟೊರೆಕ್‌ಗೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಹೊಸ ಕಂಪ್ಯೂಟರ್ ಕೊಂಡರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಆ ಕೀಲಿ ಇಲ್ಲದೆ ಯಾವ ಲ್ಯಾಬೂ ಏನೂ ಮಾಡಲಾರದು.

ಈಗ ಆ ಹಳೆಯ ಯಂತ್ರ. ಡಿಸ್ಕ್ ಹೊರಗಿದೆ, ಇನ್ನು ಧೈರ್ಯವಾಗಿ ಬಿಚ್ಚಬಹುದು. ಡಿಸ್ಕ್ ಇಲ್ಲದೆಯೇ ಪೆನ್‌ಡ್ರೈವ್ ಲಿನಕ್ಸಿನಲ್ಲಿ ಎರಡು ಮೂರು ಗಂಟೆ ಓಡಿಸಿ. ಆಗಲೂ ಫಟ್ ಅಂತ ಆಫ್ ಆದರೆ ಆ ತಪ್ಪು ಡಿಸ್ಕಿನದಲ್ಲ ಅಂತ ಸಾಬೀತಾಯಿತು. ಯುಪಿಎಸ್ ಬದಿಗಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ. ಯುಪಿಎಸ್ ಬ್ಯಾಟರಿಗೆ ಎರಡು ಮೂರು ವರ್ಷವೇ ಆಯುಸ್ಸು, ನಿಮ್ಮದು ಎಷ್ಟು ಹಳೆಯದು? ಮದರ್‌ಬೋರ್ಡಿನ ಮೇಲೆ ಚಿಕ್ಕ ಡಬ್ಬಿಗಳ ಹಾಗೆ ಇರುವ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಬೋರ್ಡಿನ ಕಾಲ ಮುಗಿಯಿತು. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ಕೀ ಒತ್ತಿ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, 12 ವೋಲ್ಟ್ ಸಾಲು 11.4ಕ್ಕಿಂತ ಕೆಳಗೆ ಇಳಿದರೆ ಎಸ್‌ಎಂಪಿಎಸ್ ಬದಲಿಸಿ. ಪ್ರೊಸೆಸರ್ ಫ್ಯಾನಿನ ಧೂಳು ಊದಿ. ರ‍್ಯಾಮ್ ಕಿತ್ತು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ ಮತ್ತೆ ಕೂರಿಸಿ. ನಗಬೇಡಿ. ತೇವದ ಊರುಗಳಲ್ಲಿ ಈ ರಬ್ಬರ್ ಚಿಕಿತ್ಸೆಯಿಂದ ಎದ್ದ ಕಂಪ್ಯೂಟರುಗಳಿಗೆ ಲೆಕ್ಕವಿಲ್ಲ. ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಲಿ.

ಆದರೆ ಅದರ ಮೇಲೆ ಜಾಸ್ತಿ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಅಧಿಕೃತವಾಗಿ ಕೇಳುವುದು 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್. 2017ರ ಜೋಡಣೆ ಅಂದರೆ ಬಹುಶಃ ನಿಮ್ಮದು ಅದಕ್ಕಿಂತ ಹಿಂದಿನದು.

ಬ್ಯಾಕಪ್ ಬಗ್ಗೆ ಒಂದೇ ಮಾತು, ಏಕೆಂದರೆ ಈಗ ನಿಮಗೆ ಅದರ ಪಾಠ ಬೇಕಾಗಿಲ್ಲ. ಎರಡು ಹೊರಗಿನ ಡಿಸ್ಕ್ ಕೊಳ್ಳಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ, ಶನಿವಾರ ಅದಲುಬದಲು. ಕಾಪಿ ಆದ ಕೂಡಲೇ ಕಿತ್ತಿಡಿ. ಸಿಕ್ಕಿಸಿಯೇ ಇಟ್ಟ ಡಿಸ್ಕಿಗೆ ಸಿಡಿಲೂ ತಾಗುತ್ತದೆ, ವೈರಸ್ಸೂ ತಾಗುತ್ತದೆ. ಗುಡುಗುವಾಗ ಪ್ಲಗ್ ಜತೆ ಇಂಟರ್ನೆಟ್ ಕೇಬಲನ್ನೂ ಕೀಳಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಪ್ರಸಂಗಗಳ ಒಂದು ಪ್ರತಿಯನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ, ಮತ್ತೊಂದನ್ನು ಅಚ್ಚು ಹಾಕಿ. ಅಂಗಡಿಯಲ್ಲಿ ಪ್ರಿಂಟರ್ ಇದ್ದೇ ಇದೆಯಲ್ಲ.

ಗೆಳೆಯರ ಕಂಪ್ಯೂಟರ್ ಸಿಕ್ಕಿದ ದಿನ ಆ ನಾಲ್ಕು ಸಾಲಿನ ಅಂಕಿಗಳನ್ನು ನನಗೆ ಬರೆದು ಕಳಿಸಿ. 197ರಲ್ಲಿ ಒಂದಂಕಿ, ಎರಡಂಕಿ ಇದ್ದರೆ ಕಾಯದೆ ಕ್ಲೋನ್ ಶುರು ಮಾಡಿ. ನೂರು ದಾಟಿದ್ದರೆ ಡಿಸ್ಕನ್ನು ಕೇಬಲಿನಿಂದ ಕಳಚಿ ಬದಿಗಿಟ್ಟು ನನ್ನ ಉತ್ತರಕ್ಕೆ ಒಂದು ದಿನ ಕಾಯಿರಿ.